ಇತರೆ ಖರ್ಚು

ಪೆನ್ಶನ್ ಮೊಹಲ್ಲಾದ ಸೈಕಲ್ ಶಾಪಿನ ಮೇಲೆ
ನಮ್ಮ ಹಳೇ ರೇಡಿಯೋ ಪ್ರಿಯರ ಕೂಟ.
ಹನ್ನೊಂದು ಜನ, ನಲವತ್ಮೂರು ರೇಡಿಯೋ,
ಒಂದೇ ಬಲ್ಬು.

ಅದು ಹೋಯಿತು, ಗೌರಿಹಬ್ಬ ಮುಗಿದ ಭಾನುವಾರ,
ಸಂಜೆಯ ಸಮಾಚಾರದ ನಡುವೆ.
ಟಿಕ್ ಅಂದಿತು, ಅಷ್ಟೆ.
ಸಾವಿನ ಮನೆಯಲ್ಲೂ ಇಷ್ಟು ಬೇಗ
ಅಭಿಪ್ರಾಯಗಳು ಬಂದು ಸೇರುವುದಿಲ್ಲ.

ಧರಣೇಂದ್ರಯ್ಯ ಬೆಂಚು ಹತ್ತಿ, ಬಿಚ್ಚಿ, ಕಿವಿಗೆ ಹಿಡಿದು
ಅಲ್ಲಾಡಿಸಿದರು. ಗಿಲಿಗಿಲಿ.
‘ತಂತಿ ಕಡಿದಿದೆ’ ಎಂದರು, ನಾಡಿ ಹಿಡಿದ ಪಂಡಿತರ ಹಾಗೆ.
‘ಯಾಕೆ ಕಡೀತು ಅನ್ನೋದು ಪ್ರಶ್ನೆ’
ಎಂದರು ಫಕ್ರುದ್ದೀನ್ ಸಾಹೇಬರು.
ಅಲ್ಲಿಗೆ ಬಲ್ಬು ಹಾಕುವ ಮಾತು ಮುಗಿಯಿತು,
ಬಲ್ಬಿನ ಮಾತು ಶುರುವಾಯಿತು.

ಎಲ್‌ಇಡಿ ಬೇಡವೇ ಬೇಡ.
ಹಾಕಿದ ಗಳಿಗೆಯಿಂದ ಮೀಡಿಯಂ ವೇವಿನ ತುಂಬ
ಹಲಸಿನ ತೊಳೆಗೆ ಮುತ್ತಿದ ನೊಣದ ಹಾಗೆ ಗುಂಯ್ ಗುಂಯ್.
ಟ್ಯೂಬ್‌ಲೈಟೋ, ಅದರ ಚೋಕು ಗೊರಕೆ ಹೊಡೆಯುತ್ತದೆ.
ಹಳೇ ಹಳದಿ ಬಲ್ಬೇ ಆಗಬೇಕು: ಸರ್ವಾನುಮತ.
ನಲವತ್ತು ವ್ಯಾಟೋ ಅರವತ್ತೋ:
ಇದಕ್ಕೆ ಎರಡು ಭಾನುವಾರ.

ಲೋಬೋ ಒಂದು ನಕ್ಷೆ ತಂದು ಟಾರ್ಚಿನಲ್ಲಿ ಹರಡಿದರು.
ಮೀಟರ್ ಬೋರ್ಡಿನಿಂದ ಸೂರಿನವರೆಗೆ
ಏಳು ಫ್ಯೂಸು, ಮೂರು ಸುರುಳಿ,
ಮಿಂಚು ಬಂದರೆ ಇಳಿದು ಹೋಗಲು ಒಂದು ದಾರಿ,
ಮಿಂಚು ವಾಪಸು ಬಂದರೆ ಇನ್ನೊಂದು.
ಹಾಳೆಯ ಮೂಲೆಯಲ್ಲಿ ಸಾಸಿವೆಯಷ್ಟು ಸೊನ್ನೆ.
‘ಇದು ಬಲ್ಬು’ ಎಂದರು.

ಏಣಿಗೊಂದು ಉಪಸಮಿತಿಯಾಯಿತು.
ಹತ್ತಲು ನಾಲ್ವರು ಸಿದ್ಧ.
ಕೆಳಗೆ ಏಣಿ ಹಿಡಿದುಕೊಳ್ಳುವವರು ಯಾರು ಎಂಬಲ್ಲಿ
ಉಪಸಮಿತಿ ಒಡೆಯಿತು.

ಆಗ ಜವರಪ್ಪ ಎದ್ದು ಕೇಳಿದರು,
‘ಹಾಸನದಲ್ಲಿ ಕೂತು ಕರೆಂಟಿಗೆ ಯಾಕ್ರೀ ಕೈಯೊಡ್ಡಬೇಕು?
ಒಂದು ಆಲೂಗಡ್ಡೆ, ಒಂದು ತಾಮ್ರದ ಕಡ್ಡಿ, ಒಂದು ಸತುವಿನ ಮೊಳೆ,
ಮುಕ್ಕಾಲು ವೋಲ್ಟು ಖಾತರಿ!’
ನಾನು ಖಜಾಂಚಿ. ಲೆಕ್ಕ ಹಾಕಲೇಬೇಕು, ಹಾಕಿದೆ.
ನಲವತ್ತು ವ್ಯಾಟಿಗೆ ನಲವತ್ತು ಸಾವಿರ ಗಡ್ಡೆ.
ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಲಾರಿ ಬಾಡಿಗೆ ಬೇರೆ,
ಹಮಾಲಿ ಬೇರೆ.
‘ಆಮೇಲೆ ಪಲ್ಯ ಮಾಡ್ಕೋಬಹುದಲ್ಲ’ ಎಂದಿತು ಕತ್ತಲು.
‘ಸತು ತಿಂದು ಸಾಯ್ತೀರಿ’ ಎಂದರು ಶಾಂತವೀರಮ್ಮ.
ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು.
ಅವರಿಗೆ ಮುಖ ಬೇಕಿಲ್ಲ, ದನಿ ಸಾಕು:
‘ಜವರಪ್ಪ, ಲೈನು ಬಿಡಿ. ಸಾಹೇಬ್ರೇ, ಮಾತಾಡಿ.’

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ.
ಮೊದಲ ಭಾನುವಾರವೇ,
‘ಯಾಕೆ ಕಡೀತು’ ಇನ್ನೂ ಕಾಯುತ್ತಿದ್ದಾಗ,
ಒಂದಕ್ಕೆಂದು ಎದ್ದವನು ಕೆಳಗಿಳಿದು
ಎದುರಿನ ಅಂಗಡಿಯಲ್ಲಿ ಬಲ್ಬು ಕೊಂಡೆ.
ನಲವತ್ತು ವ್ಯಾಟು, ಹಳದಿ, ಎರಡು ಕಿವಿ, ಹದಿನೆಂಟು ರೂಪಾಯಿ.
ಮೆಟ್ಟಿಲು ಹತ್ತಿ ಬಂದರೆ
ಒಂದೇ ಒಂದು ಮರ್ಫಿಯ ಡಯಲು ಉರಿಯುತ್ತಿದೆ,
ಜೇನಿನ ಬಣ್ಣ.
ಸುತ್ತ ಹತ್ತು ಮೂಗು, ಹತ್ತು ಕನ್ನಡಕ.
ಒಂದು ಟ್ರಾನ್ಸ್‌ಫಾರ್ಮರಿನ ದೆಸೆಯಿಂದ
ಎರಡು ವರ್ಷ ಮಾತು ಬಿಟ್ಟಿದ್ದ
ಧರಣೇಂದ್ರಯ್ಯನೂ ಲೋಬೋನೂ
ಬಾಯಿಗೆ ಬಾಯಿ ಕೊಟ್ಟು ಜಗಳವಾಡುತ್ತಿದ್ದಾರೆ,
ಅಂದರೆ, ಮಾತಾಡುತ್ತಿದ್ದಾರೆ.
ನಾನು ಬಲ್ಬನ್ನು ಚೀಲಕ್ಕಿಳಿಸಿ
ಮೇಲೆ ಟವಲು ಹೊದಿಸಿದೆ.

ಈಗ ಆರನೇ ಭಾನುವಾರ.
ಹೋಲ್ಡರಿನ ಸ್ಪ್ರಿಂಗಿನ ಮೇಲೆ ಚರ್ಚೆ.
ಪಕ್ಕದಲ್ಲಿ ಶಾಂತವೀರಮ್ಮ ಮೆಲ್ಲಗೆ,
‘ಚೀಲ ಜೋಪಾನ, ಒಡೆದೀತು’ ಎಂದರು.
ಉಸಿರು ಬಿಗಿಹಿಡಿದೆ. ಅವರು ಮತ್ತೇನೂ ಹೇಳಲಿಲ್ಲ,
ಕಡಲೆಬೀಜದ ಪೊಟ್ಟಣ ನನ್ನ ಕಡೆ ತಳ್ಳಿದರು.

ಖರ್ಚಿನ ಪುಸ್ತಕದಲ್ಲಿ ಬರೆದಿದ್ದೇನೆ, ಸುಳ್ಳೇನಲ್ಲ:
ಇತರೆ, ಹದಿನೆಂಟು ರೂಪಾಯಿ.
ಇದುವರೆಗೆ ಯಾರೂ ಕೇಳಿಲ್ಲ.
ಪುಸ್ತಕ ಓದಲು
ಬೆಳಕು ಬೇಕಲ್ಲ.