ಐವತ್ತೊಂದನೆಯದು

ಮೊದಲು ಹಳದಿ.
ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ನಂಬರ್ ಹತ್ತು,
ಟೈರು ಗೋದಾಮಿನ ಬೆನ್ನಿಗೆ ನಮ್ಮ ತಗಡಿನ ಶೆಡ್ಡು.
ಎ.ಸಿ. ಇರುವುದು ಕಾಗದಕ್ಕೆ, ನಮಗಲ್ಲ.

ಹಳದಿ ಒಣಗಿದ ಮೇಲೆ ಗುಲಾಬಿ, ಆಮೇಲೆ
ಪೆಟ್ರೋಲ್ ಬಂಕಿನ ಬೋರ್ಡಿನಂಥ ನೀಲಿ.
ಮೂರು ಸಲ ಎಳೆದರೂ ಅದಿನ್ನೂ ಯಾವ ಜೀವವೂ ಅಲ್ಲ,
ಚೆಲ್ಲಿದ ಶರಬತ್ತು.
ಕೊನೆಗೆ ಕಪ್ಪು. ಸ್ಕ್ವೀಜಿಯ ಮೇಲೆ ಮೈಭಾರ ಬಿಟ್ಟು
ಒಂದೇ ಉಸಿರಿಗೆ ಎಳೆದು ಸ್ಕ್ರೀನ್ ಎತ್ತಿದರೆ

ಉದ್ದ ಕತ್ತು, ನೆತ್ತಿಗೆ ಜುಟ್ಟು,
ಬದುವಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದೆ.

‘ಹುಬಾರ’ ಅಂದಳು ಚಿತ್ರ ಬರೆದ ಶಮ್ಮಾ.
‘ಎರೆಭೂತ’ ಅಂದೆ ನಾನು.
ಭೂತ ಅಂದರೇನೆಂದು ತಿಳಿಸುವಷ್ಟರಲ್ಲಿ
ನನ್ನ ಅರೆಬರೆ ಅರಬ್ಬಿ ಮುಗಿದೇಹೋಯಿತು:
ಸಿರುಗುಪ್ಪ. ಕರಿ ಮಣ್ಣು. ಜೋಳದ ಕೂಳೆ.
ಸೊಂಟದೆತ್ತರದ ಹಕ್ಕಿ, ಹಾರುವ ಅವಸರವಿಲ್ಲದೆ
ಗೌಡರ ಹಾಗೆ ನಡೆದು ಹೋಗುತ್ತದೆ.
ಅದು ಇದಲ್ಲ. ಆದರೂ ಇದರ ದೊಡ್ಡಪ್ಪನ ಮಗ.

ಎಷ್ಟಿವೆ ಈಗ? ಕೇಳಿದಳು.
ಫಾರೆಸ್ಟ್ ವಾಚರ್ ತಾಯಪ್ಪ ಫೋನಿನಲ್ಲಿ ಅಂದಿದ್ದ:
‘ಮೊನ್ನೆ ಒಂದು ಕಂಡಂಗಾತಪ. ಹೋದ ವರ್ಷದ್ದೇ ಏನೋ ಅದು.’
ಒಂದು ಬೆರಳು ತೋರಿಸಿದೆ.
ತುದಿಗೆ ಗುಲಾಬಿ ಮೆತ್ತಿತ್ತು.

ಐವತ್ತು ಪ್ರತಿ. ಅಡಿಯಲ್ಲಿ ಪೆನ್ಸಿಲಿನಿಂದ
ಐವತ್ತರಲ್ಲಿ ಒಂದು, ಐವತ್ತರಲ್ಲಿ ಎರಡು.
ಊರಲ್ಲಿ ಲಗ್ನಪತ್ರಿಕೆ, ಎಲೆಕ್ಷನ್ ಬಾವುಟ ಹೊಡೆದವನು ನಾನು,
ಸಾವಿರಕ್ಕೆ ಇಷ್ಟು, ಹೆಚ್ಚು ಹೊಡೆದಷ್ಟೂ ಅಗ್ಗ.
ಇಲ್ಲಿ ತಿರುಗಾಮುರುಗಾ: ಕಡಿಮೆ ಇದ್ದಷ್ಟೂ ಬೆಲೆ.
ಗ್ಯಾಲರಿಯವರು ಎದುರಿಗೇ ನಿಂತು ಹೇಳಿದರು,
ಸ್ಕ್ರೀನ್ ತೊಳೆದುಬಿಡು, ಇನ್ನೊಂದು ಹುಟ್ಟಬಾರದು.

ತೊಳೆದೆ.
ಸ್ಕ್ರೀನಿನಲ್ಲಿ ಹಕ್ಕಿಯೆಂದರೆ ಬರೀ ತೂತು, ಅದನ್ನು ಅಳಿಸಲಾಗದು.
ಪೈಪು ಹಿಡಿದರೆ ಸುತ್ತಲಿನ ಬಯಲು ಕರಗುತ್ತದೆ,
ಹಸಿರು ಲೋಳೆಯಾಗಿ ಮೋರಿಗಿಳಿಯುತ್ತದೆ.
ಆಮೇಲೆ ಹಕ್ಕಿ ಎಲ್ಲಿತ್ತೆಂದು
ಎಳೆದ ನನಗೂ ಹೇಳಲು ಬರಲಿಲ್ಲ.

ಕೆಟ್ಟ ಪ್ರತಿ ಹರಿಯಬೇಕೆಂಬುದು ಕರಾರು.
ಒಂದನ್ನು ಹರಿಯಲಿಲ್ಲ. ಅಂಗಿಯೊಳಗೆ ಸುತ್ತಿ
ಕಂಪನಿ ಬಸ್ಸಿನಲ್ಲಿ ನೆಟ್ಟಗೆ ಕೂತು ತಂದೆ.
ಕಪ್ಪು ಗೆರೆ ಎರಡು ನೂಲು ಮುಂದೆ ಸರಿದಿದೆ,
ತನ್ನ ಬಣ್ಣಗಳನ್ನು ಅಲ್ಲೇ ಬಿಟ್ಟು
ಹಕ್ಕಿ ಒಂದು ಹೆಜ್ಜೆ ಇಟ್ಟ ಹಾಗೆ.
ಈಗದು ನನ್ನ ಮಂಚದ ಮೇಲಿನ ಮಂಚದ ಅಡಿಗೆ ಅಂಟಿದೆ.
ಮೇಲೆ ಮಲಗುವ ಪೆಶಾವರದ ಗುಲ್ ಜಮಾನ್
ತಲೆ ಕೆಳಗೆ ಹಾಕಿ ನೋಡಿ, ‘ಕೋಳಿಯಾ?’ ಅಂದ.

ರಾತ್ರಿ ತಾಯಪ್ಪನಿಗೆ ಫೋಟೋ ಕಳಿಸಿದೆ.
ಬೆಳಗಿನ ಬಸ್ಸಿಗೆ ನಿಂತಾಗ ಉತ್ತರ ಬಂತು:
‘ಎಲ್ಲಿ ಕಂಡ್ತು?’