ಎಮ್ಮೆಯ ಕುದುರೆ

ಹೊಸಬು ಗೌಡರ ಎಮ್ಮೆ ಗಜನಿಯ ಕೆಸರಲ್ಲಿ ಕೂತದ್ದು
ಮತ್ತೆ ಏಳಲಿಲ್ಲ.
ಹೂಳುವ ಮುಂಚೆ ಹೇಳಿಕಳಿಸಿದರು:
ಮುಂಗಾಲು ಎರಡೂ ತಗಂಡ್ಹೋಗು,
ಅದರ ಹೆಸರು ಮಾತ್ರ ಕೇಳಬೇಡ.

ಕೇಳಲಿಲ್ಲ.
ಗೋಣಿಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿದೆ.
ಸಾಣಿಕಟ್ಟೆಯ ತಿರುವಿನಲ್ಲಿ ನಾಲ್ಕು ನಾಯಿ ಜೊತೆಯಾದವು,
ಉಪ್ಪಿನ ಗುಡ್ಡೆ ದಾಟುವತನಕ ಬಿಡಲಿಲ್ಲ.

ಚೂರಿಗೆ ಸಿಕ್ಕಷ್ಟು ಚೂರಿಗೆ.
ಉಳಿದದ್ದು ಏಡಿಗಳಿಗೆ:
ಹರಿದ ಬಲೆಯ ಚೀಲಕ್ಕೆ ಹಾಕಿ
ಜಟ್ಟಿ ಅಂಬಿಗನ ದೋಣಿಗೂಟದಿಂದ ಇಳಿಬಿಟ್ಟೆ.
ಹನ್ನೊಂದು ಭರತ, ಹನ್ನೊಂದು ಇಳಿತ.
ಅಘನಾಶಿನಿ ಎಂದರೆ ಪಾಪ ತೊಳೆಯುವವಳಂತೆ;
ನನಗೆ ಬೇಕಾದದ್ದು ಮಾಂಸ ತೊಳೆಯುವವಳು.
‘ಊರಿನ ಏಡಿಯೆಲ್ಲ ನನ್ನ ಗೂಟದಲ್ಲೇ ಸಂಸಾರ ಹೂಡಿತಲ್ಲೇ’
ಎಂದು ಬೈದ ಜಟ್ಟಿ,
ಬೈಯುತ್ತಲೇ ಬುಟ್ಟಿ ತುಂಬಿಸಿಕೊಂಡ.

ಆಮೇಲೆ ಗರಗಸ. ಗಂಟಿನ ಎರಡೂ ತುದಿ ಕೊಯ್ದು
ಸೈಕಲ್ ಕಡ್ಡಿಯಿಂದ ಮಜ್ಜೆ ನೂಕಿದೆ.
ಬೆಣ್ಣೆಯ ಹಾಗೆ ಬಂತು.
ಬೆಣ್ಣೆಯ ಹಾಗೆ ಎನ್ನಬಾರದಿತ್ತು,
ಅದರ ಬೆಣ್ಣೆಯನ್ನೂ ತಿಂದವಳು ನಾನು,
ಗೌಡರ ಮನೆಯ ರೊಟ್ಟಿಯ ಮೇಲೆ.

ಕುದಿಸಬೇಡ, ಎನ್ನುತ್ತಿದ್ದ ಅಪ್ಪ.
ಕುದಿಸಿದರೆ ಜಿಡ್ಡು ಹೊರಗೆ ಬಾರದೆ ಒಳಗೇ ಓಡುತ್ತದೆ,
ಅಟ್ಟಿಸಿಕೊಂಡ ಕಳ್ಳನ ಹಾಗೆ.
ನೀರು ಗುನುಗಬೇಕು, ಮಾತಾಡಬಾರದು.
ಒಂದು ಚಮಚ ಸೋಡಾ. ತೇಲಿದ ನೊರೆ ತೆಗೆಯುತ್ತ ಕೂರು.
ಬ್ಲೀಚಿಂಗ್ ಪುಡಿ ತೋರಿಸಲೇಬೇಡ,
ಬೆಳ್ಳಗೆ ಮಾಡುತ್ತೇನೆಂದು ನಂಬಿಸಿ ತಿಂದುಬಿಡುತ್ತದೆ.

ಸಾಬೂನು ನೀರು, ಮೂರು ವಾರ.
ದಿನಾ ಬದಲಿಸಿ ದಿನಾ ಮೂಸುವುದು.
ಪಕ್ಕದ ಮನೆಯ ಲಲಿತಾಬಾಯಿ ಕಿಟಕಿ ಮುಚ್ಚಿದಳು,
ಹದಿನೆಂಟನೆಯ ದಿನ ತೆರೆದಳು.
ಅದೇ ನನ್ನ ಅಳತೆ.

ಬಿಸಿಲು ತಾಗಿದರೆ ಸೀಳುತ್ತದೆ, ನೆರಳಲ್ಲಿ ಒಣಗಿಸಿದೆ.
ಬೆಳಕಿಗೆ ಹಿಡಿದರೆ ನಡುವೆ ಇನ್ನೂ ಒಂದು ಹಳದಿ ಮಚ್ಚೆ,
ಕಿರುಬೆರಳ ಉಗುರಿನಷ್ಟು.
ಜಿಡ್ಡು ಉಳಿದ ಕಡೆ ಸ್ವರ ಕಿವುಡು.
ಮತ್ತೆ ನೀರಿಗೆ.

ಅಪ್ಪನನ್ನು ಸುಟ್ಟ ಮೂರನೆಯ ದಿನ
ಬೂದಿ ಕೆದಕಿ ಆರಿಸಿದವಳು ನಾನೇ.
ಗಂಡಸರಿಗೆ ಕಲ್ಲಿಗೂ ಅದಕ್ಕೂ ವ್ಯತ್ಯಾಸ ತಿಳಿಯಲಿಲ್ಲ.
ಮೊಣಕೈ, ಬೆನ್ನಿನ ಒಂದು ಮಣಿ,
ಉಳಿ ಹಿಡಿದ ಬೆರಳಿನ ಗೆಣ್ಣು.
ಒಂದೇ ರಾತ್ರಿಯಲ್ಲಿ ಬೆಂಕಿ ಎಷ್ಟು ಬೆಳ್ಳಗೆ ಮಾಡಿತ್ತು!
ಜಿಡ್ಡಿಲ್ಲ. ಮಚ್ಚೆಯಿಲ್ಲ.
ಅಭ್ಯಾಸಬಲ, ಉಗುರಿನಿಂದ ತಟ್ಟಿ ನೋಡಿದೆ:
ಹಪ್ಪಳದ ಸದ್ದು.
ಉಳಿಗೆ ಬಾರದ್ದು.
ಮಡಕೆಗೆ ಹಾಕಿದೆ. ಗೋಕರ್ಣದ ಬಸ್ಸು ಹತ್ತೂವರೆಗಿತ್ತು.

ಇವತ್ತು ಮಚ್ಚೆ ಹೋಯಿತು.
ಮೂಗಿಗೆ ಬಟ್ಟೆ ಕಟ್ಟಿ, ಹುಡಿ ಹಾರದಂತೆ
ಮೂಳೆಗೆ ನೀರು ಚಿಮುಕಿಸಿ ಅರ ಉಜ್ಜುತ್ತಿದ್ದೇನೆ.
ಹೊನ್ನಾವರದ ಸಂಗೀತದ ಮೇಷ್ಟ್ರ ತಂಬೂರಿಗೆ
ಹೊಸ ಕುದುರೆ ಬೇಕಂತೆ;
ಅಳತೆಗೆಂದು ಮುರಿದದ್ದನ್ನು ಕಳಿಸಿದ್ದಾರೆ,
ಅಪ್ಪ ಮಾಡಿದ್ದು.
ಎಮ್ಮೆ ಕುದುರೆಯಾಗುವುದಕ್ಕೆ
ಬೆನ್ನಿನಲ್ಲಿ ಕೂದಲೆಳೆಯಷ್ಟು ಇಳಿಜಾರು ಬಾಕಿ.
ಸಿಕ್ಕಿದರೆ ತಂತಿ ಜೇನುಹುಟ್ಟಿನ ಹಾಗೆ ಗುಂಯ್ ಎನ್ನುತ್ತದೆ,
ಸಿಗದಿದ್ದರೆ ಬರೀ ತಂತಿ.

ಹೊಸಬು ಗೌಡರು ಬಂದು ಜಗಲಿಯಲ್ಲಿ ಕೂತಿದ್ದಾರೆ.
ಯಾವುದು ಅಂತ ಕೇಳಲಿಲ್ಲ.
ಹಲಗೆಯ ಮೇಲಿನ ತುಂಡುಗಳಲ್ಲಿ ಒಂದನ್ನೆತ್ತಿ
ಕೆನ್ನೆಗೆ ಒತ್ತಿಕೊಂಡರು.
ತಣ್ಣಗಿದೆ, ಅಂದರು.
ಆಮೇಲೆ, ನಾನು ಕೇಳದೆಯೂ,
ಹೆಸರು ಹೇಳಿದರು.