ಹನ್ನೊಂದು ಕಂದು

ಬಂದ ದಿನ ಆಕೆ ಪೆಟ್ಟಿಗೆ ಬಿಚ್ಚಲಿಲ್ಲ.
ಲಿಯೆಪಾಯದ ಬಂದರಿನಲ್ಲಿ ಮಾರ್ಚ್ ತಿಂಗಳ ಗಾಳಿ
ಕಾರ್ಖಾನೆಯ ತಗಡಿನ ಬಾಗಿಲನ್ನು ತಾನೇ ತಟ್ಟುತ್ತಿತ್ತು.
"ಒಂಬತ್ತು ತಿಂಗಳು," ಎಂದಳು ಸಾರ್ಮೀತೆ,
"ಆಮೇಲೆ ಈ ಕುರ್ಚಿ ನನ್ನದಲ್ಲ."
ಬಸುರಿಯ ಲೆಕ್ಕ, ಎಂದು ಹಿಂದಿನ ಸಾಲಲ್ಲಿ ಯಾರೋ ನಕ್ಕರು.
ನಾನೂ ನಕ್ಕೆ.

ಯಜಮಾನ ವಾಲ್ಡಿಸ್ ಆಗ ಆಸ್ಪತ್ರೆಯಲ್ಲಿ,
ಎಡಗೈ ಏಳದು, ಮಾತು ಅರ್ಧಕ್ಕೇ ನಿಲ್ಲುತ್ತದೆ.
ಬೀಗದಕೈ ಗೊಂಚಲು ಹೆಂಡತಿಯ ಕೈಚೀಲದಲ್ಲಿ,
ಸಾಲದ ಕಾಗದ ಬ್ಯಾಂಕಿನಲ್ಲಿ,
ಹೊಗೆಯ ಗುಟ್ಟು ಮಾತ್ರ
ಮುದುಕ ಆರ್ವಿಡ್ಸನ ಮೂಗಿನಲ್ಲಿ.

ನಮ್ಮದು ಸಣ್ಣ ಮೀನು, ಬೆರಳುದ್ದ.
ಆಲ್ಡರ್ ಕಟ್ಟಿಗೆಯ ಹೊಗೆಯಲ್ಲಿ ಬಣ್ಣ ಕಟ್ಟಿಸಿ,
ತಲೆ ತೆಗೆದು, ಡಬ್ಬಿಯಲ್ಲಿ ಒತ್ತೊತ್ತಾಗಿ ಮಲಗಿಸಿ
ಎಣ್ಣೆ ಹೊದಿಸುವುದು.
ಇಪ್ಪತ್ತಮೂರು ವರ್ಷ ಮಲಗಿಸಿದ್ದೇನೆ.
ಹೆತ್ತ ಮಕ್ಕಳನ್ನು ಅಷ್ಟು ಸಲ ಮಲಗಿಸಿಲ್ಲ.

ಮೇ ತಿಂಗಳಲ್ಲಿ ಕ್ಯಾಮೆರಾ ಬಂತು.
ಒಲೆಯ ಬಾಯಿಗೆ ಗಾಜಿನ ಕಣ್ಣು,
ಪರದೆಯ ಮೇಲೆ ಮೂರೇ ಮಾತು:
ಹಸಿ. ಸರಿ. ಸೀದದ್ದು.
ಆರ್ವಿಡ್ಸ್ ನೋಡಿದ, ಉಗುಳು ನುಂಗಿದ,
ಕೆಲಸದ ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದ.
"ನಾಳೆಯಿಂದ ಬರುವುದಿಲ್ಲ."

ಆಕೆ ತಡೆಯಲಿಲ್ಲ. ಕೇಳಿದಳು, ಅಷ್ಟೆ:
"ಕಂದಿನಲ್ಲಿ ಎಷ್ಟು ಬಗೆ?"
ಆತ ಬಾಗಿಲಲ್ಲೇ ನಿಂತು ಎಣಿಸತೊಡಗಿದ.
ಒದ್ದೆ ಹಗ್ಗದ ಕಂದು. ರೈ ರೊಟ್ಟಿಯ ಅಂಚು.
ಸೆಪ್ಟೆಂಬರಿನ ಜೊಂಡು. ಹಳೆಯ ಪಿಟೀಲಿನ ಬೆನ್ನು.
ಇಗರ್ಜಿಯ ಬೆಂಚಿನಲ್ಲಿ ಕೈ ಸವೆಸಿದ ಜಾಗ.
ಅವ್ವ ಅರ್ಧ ಕುಡಿದಿಟ್ಟ ಚಹಾ,
ಆಕೆ ತೀರಿಕೊಂಡ ಮಾರನೆಯ ಬೆಳಿಗ್ಗೆ.
ಹೀಗೇ, ಹನ್ನೊಂದು.
ಹನ್ನೊಂದಕ್ಕೂ ಕಟ್ಟಿಗೆಯ ತೇವ ಬೇರೆ, ಗಾಳಿಯ ದಿಕ್ಕು ಬೇರೆ.
ಮರುದಿನ ಟೋಪಿ ಮೊಳೆಯಲ್ಲಿರಲಿಲ್ಲ,
ಅವನ ತಲೆಯ ಮೇಲಿತ್ತು.

ಅಂದಿನಿಂದ ಮಂಗಳವಾರ ಎರಡು ಗಂಟೆ ಬೆಲ್ಟು ನಿಂತಿತು.
ನಿಂತ ಬೆಲ್ಟಿಗೆ ಸಂಬಳ ಕೊಡುವವರು ಯಾರು,
ಬ್ಯಾಂಕಿನವನು ಕೇಳಿದನಂತೆ.
ನಡೆಯುವ ಬೆಲ್ಟು, ಎಂದಳಂತೆ.
ಊಟದ ಕೋಣೆ, ಎಲೆಕೋಸಿನ ಸಾರಿನ ವಾಸನೆ,
ಆರ್ವಿಡ್ಸ್ ಮೇಷ್ಟ್ರು.
ಮೊಮ್ಮಕ್ಕಳಿರುವ ನಾವು ಪೆನ್ಸಿಲು ಕಚ್ಚಿಕೊಂಡು ಕೂತೆವು.
ಹುಡುಗ ನಿಕ್ಲಾವ್ಸ್ ಅಷ್ಟೂ ಬಣ್ಣವನ್ನು ಯಂತ್ರಕ್ಕೆ ಉಣಿಸಿದ,
ಕೈತುತ್ತಿನ ಹಾಗೆ, ಒಂದೊಂದೇ ಚಿತ್ರ.
ಅದು ಕಲಿಯಿತು. ನಾನೂ ಕಲಿತೆ.
ಯಾರು ಮೊದಲು ಎಂದು ಮಾತ್ರ ಕೇಳಬೇಡಿ.

ಅಕ್ಟೋಬರಿನ ಒಂದು ರಾತ್ರಿ ಪಾಳಿ.
ಪರದೆ ಸರಿ ಎನ್ನುತ್ತಿದೆ,
ನನ್ನ ಮೂಗು ಅಲ್ಲ ಎನ್ನುತ್ತಿದೆ.
ಆಕೆ ರೀಗಾದಲ್ಲಿ. ಆರ್ವಿಡ್ಸ್ ನಿದ್ದೆಯಲ್ಲಿ.
ಕೆಂಪು ಗುಂಡಿ ಒತ್ತಿದೆ,
ನಾನೇ, ಜಿಂತ್ರ, ಡಬ್ಬಿ ತುಂಬುವವಳು.
ನಲವತ್ತು ತಟ್ಟೆ ಮೀನು ಒಲೆಯೊಳಗೇ ತಣ್ಣಗಾಗಿ ಕೆಟ್ಟಿತು.

ಬೆಳಿಗ್ಗೆ ತಿಳಿಯಿತು, ಯಂತ್ರವೇ ಸರಿ.
ನನಗೆ ನೆಗಡಿ.

ಕೆಲಸ ಹೋಯಿತೆಂದು ಕೈ ಕಟ್ಟಿ ನಿಂತೆ.
ಆಕೆ ಲೆಕ್ಕದ ಪುಸ್ತಕ ತೆರೆದಳು.
ನಷ್ಟದ ಕೆಳಗೆ ಬರೆಯಲಿಲ್ಲ.
ಪಕ್ಕದಲ್ಲೊಂದು ಗೆರೆ ಎಳೆದು ಕಲಿಕೆ ಎಂದು ಬರೆದು,
ಅದರ ಕೆಳಗೆ: ನಲವತ್ತು ತಟ್ಟೆ.
"ಆ ಗುಂಡಿ ಒತ್ತುವ ಧೈರ್ಯ ಈಗ ಎಷ್ಟು ಜನಕ್ಕಿದೆ?"
ನಾನು ಬೆರಳು ಮಡಿಸಿದೆ. ಒಂದು ಕೈ ಸಾಲಲಿಲ್ಲ.

ಚಳಿ ಬೀಳುವ ಹೊತ್ತಿಗೆ ಎರಡನೆಯ ಒಲೆ ಹೊತ್ತಿತು.
ಗ್ಡಾನ್ಸ್ಕ್‌ನಿಂದ ಬೇಡಿಕೆ, ಹೊಸಬರು ಆರು ಜನ.
ವಾಲ್ಡಿಸ್ ಕೋಲೂರಿ ಬಂದು ಅರ್ಧ ಮಾತಾಡಿದ,
ಉಳಿದರ್ಧ ನಮಗೇ ಗೊತ್ತಿತ್ತು.

ಆಕೆ ಹೋದದ್ದೂ ಮಂಗಳವಾರವೇ, ಪಾಠದ ನಡುವೆ.
ಪೆಟ್ಟಿಗೆ ಕಟ್ಟುವ ಕೆಲಸವಿರಲಿಲ್ಲ,
ಬಿಚ್ಚಿದ್ದರೆ ತಾನೆ.
ಕಿಟಕಿಯಾಚೆ ಟ್ಯಾಕ್ಸಿಯ ಬಾಗಿಲು ಹಾಕಿದ ಸದ್ದು.
ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು,
ಎದುರಿಗೆ ಹೊಸ ಹುಡುಗಿ,
ಏಳನೆಯ ಕಂದನ್ನು ಎಂಟು ಎನ್ನುತ್ತಿದ್ದಳು.
"ಇನ್ನೊಮ್ಮೆ ನೋಡು," ಎಂದೆ,
"ಬೆಳಕಿಗೆ ಹಿಡಿದು."